ಹಳೇ ಕಲ್ಲಿನ ಮನೆ, ಊಟಿ ಚಳಿ: 5 ಕಿಲೋವ್ಯಾಟ್ ಒಲೆ ಸಾಲ್ತಿಲ್ಲ, 14ರದ್ದು ತರಲಾ?

ಮಂಜಿನಮನೆ (ಊಟಿ) · ಅಕ್ಟೋಬರ್ 11

ಎಲ್ಲರಿಗೂ ನಮಸ್ಕಾರ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೂ ಹೋದ ಡಿಸೆಂಬರ್ ನೆನಪಾಗಿ ಈಗಲೇ ಕೇಳ್ತಿದೀನಿ.

ನಮ್ಮದು ತಾತ ಕೊಂಡ ಹಳೇ ಬಂಗಲೆ. ಬಂಗಲೆ ಅಂದ್ರೆ ದೊಡ್ಡಸ್ತಿಕೆ ಏನಿಲ್ಲ, ದುಡ್ಡು ತಿನ್ನೋ ಕಲ್ಲಿನ ಗೂಡು. ಗೋಡೆ ಎರಡಡಿ ದಪ್ಪ, ಕಲ್ಲು ಮತ್ತು ಸುಣ್ಣದ ಗಾರೆ. ಹಾಲ್ 20 ಅಡಿ ಉದ್ದ, 16 ಅಡಿ ಅಗಲ, 12 ಅಡಿ ಎತ್ತರ. ಮೇಲೆ ಮರದ ಹಲಗೆಯ ಸೀಲಿಂಗು, ಅದರ ಮೇಲೆ ಬರೀ ತಗಡು. ನೆಲವೂ ಹಲಗೆ, ಕೆಳಗೆ ಒಂದೂವರೆ ಅಡಿ ಟೊಳ್ಳು. ಬಿಳಿಯರ ಕಾಲದ ಅಗ್ಗಿಷ್ಟಿಕೆ ಮೂರಿವೆ, ಹಾಲಿನಲ್ಲೊಂದು, ಎರಡು ಮಲಗೋ ಕೋಣೆಯಲ್ಲಿ ಒಂದೊಂದು. ಕೋಣೆಯವನ್ನು ನಾವು ಹೊತ್ತಿಸಲ್ಲ.

ಹಾಲಿನದ್ದರ ಬಾಯಲ್ಲಿ ಎಂಟು ವರ್ಷದ ಹಿಂದೆ ಒಂದು 5 ಕಿಲೋವ್ಯಾಟ್ ಬೀಡು ಕಬ್ಬಿಣದ ಒಲೆ ಕೂರಿಸಿದ್ವಿ, ಎಸ್ಟೇಟ್ ಬಂಗಲೆಯೊಂದರಿಂದ ಸೆಕೆಂಡ್ ಹ್ಯಾಂಡ್. ಅದರ ಕೊಳವೆಯನ್ನು ಹಳೇ ಚಿಮಣಿಯೊಳಗೆ ಮೂರಡಿ ತೂರಿಸಿ ಸುತ್ತ ತಗಡು ಬಡಿದಿದ್ದಾರೆ, ಅಷ್ಟೆ.

ಸಂಜೆ 6ಕ್ಕೆ ಹೊತ್ತಿಸಿದ್ರೆ ರಾತ್ರಿ 10ಕ್ಕೆ ಹಾಲಿನಲ್ಲಿ 14 ಡಿಗ್ರಿ. ಹೊರಗೆ 5. ಅಷ್ಟರಲ್ಲಿ 10 ಕೆ.ಜಿ. ಸೌದೆ ಹೋಗಿರುತ್ತೆ. ಅಮ್ಮನಿಗೆ 74, ಶಾಲು, ಸ್ವೆಟರ್, ಕಾಲುಚೀಲ ಎಲ್ಲಾ ಹಾಕ್ಕೊಂಡು ಕೊನೆಗೆ ಅಡುಗೆಮನೆಗೇ ಹೋಗಿ ಕೂರ್ತಾರೆ.

ಕೊಯಮತ್ತೂರಿನ ಅಂಗಡಿಯವರು 14 ಕಿಲೋವ್ಯಾಟ್‌ದು ತೋರಿಸಿ "ಹಳೇ ಮನೆಗೆ ದೊಡ್ಡದೇ ಇರಲಿ ಸಾರ್, ಬೇಡ ಅನಿಸಿದ್ರೆ ಗಾಳಿ ಕಮ್ಮಿ ಮಾಡ್ಕೊಳ್ಳಿ" ಅಂದ್ರು. ತರಲಾ? ಅನುಭವ ಇರೋರು ಹೇಳಿ.

ಕೌದಿಕಾಕಾ (ಅಕ್ಕಲಕೋಟ) · ಅಕ್ಟೋಬರ್ 11

ನಮ್ಮ ಕಡೆ ಥಂಡಿ ಅಂದ್ರ ಒಂದು ಕೌದಿ, ಒಂದು ಶೇಗಡಿ ಸಾಕ್ರಿ. ಕಿಲೋವ್ಯಾಟ್ ಲೆಕ್ಕದಾಗ ಬೆಂಕಿ ಕಾಸೂದು ಇವತ್ತ ಕೇಳಿದೆ. ಓದಾಕತ್ತೀನಿ, ಮುಂದ ಬರೀರಿ.

ತಗಡುಕೆಲಸ (ಹೊಸೂರು) · ಅಕ್ಟೋಬರ್ 12

ಫ್ಯಾಬ್ರಿಕೇಶನ್ ನನ್ನ ಕಸುಬು. ಬಾಯ್ಲರ್ ಕೊಳವೆ, ಡಕ್ಟು, ಈಚೆಗೆ ರೆಸಾರ್ಟ್‌ಗಳಿಗೆ ಬುಖಾರಿ (ಕೋಣೆ ಬೆಚ್ಚಗೆ ಮಾಡೋ ಕಬ್ಬಿಣದ ಒಲೆ) ಮಾದರಿಯವು ಕೂಡ ಮಾಡಿಕೊಟ್ಟಿದ್ದೀನಿ. ಅಂಗಡಿಯವರ ಲೆಕ್ಕ ಎಲ್ಲಿಂದ ಬರುತ್ತೆ ಅಂತ ಮೊದಲು ಹೇಳ್ತೀನಿ.

ಒಲೆ ಮಾರೋರ ಹತ್ತಿರ ಒಂದು ಹೆಬ್ಬೆರಳ ಅಳತೆ ಇದೆ. ಕೋಣೆ ಎಷ್ಟು ಘನ ಮೀಟರ್ ಅಂತ ನೋಡೋದು, ಹಳೇ ಸೋರೋ ಮನೆ ಆದ್ರೆ 10ರಿಂದ ಭಾಗಿಸೋದು, ಸುಮಾರಾಗಿದ್ರೆ 15ರಿಂದ, ಬಿಗಿಯಾದ ಹೊಸ ಮನೆ ಆದ್ರೆ 25ರಿಂದ. ನಿಮ್ಮ ಹಾಲು ಸುಮಾರು 109 ಘನ ಮೀಟರ್. 10ರಿಂದ ಭಾಗಿಸಿದ್ರೆ 11 ಕಿಲೋವ್ಯಾಟ್, 15ರಿಂದ ಆದ್ರೆ 7 ಚಿಲ್ಲರೆ. 14 ಯಾವ ಲೆಕ್ಕಕ್ಕೂ ಬರಲ್ಲ. ಗೋಡೌನಲ್ಲಿ ಯಾವುದು ಉಳಿದಿದೆಯೋ ಅದರ ಲೆಕ್ಕ ಇರಬಹುದು.

ಗಮನಿಸಿ, ಅದೇ ಹಾಲು, ಅದೇ ಗೋಡೆ, ಆದ್ರೆ ಸೋರೋದು ನಿಂತರೆ ಬೇಕಾಗೋ ಒಲೆ 11ರಿಂದ 7ಕ್ಕೆ ಇಳಿಯುತ್ತೆ. ಅದಕ್ಕೆ ಒಲೆ ಕೊಳ್ಳೋ ಮುಂಚೆ ಎರಡು ಪ್ರಶ್ನೆ. ಸೌದೆ ಯಾವುದು, ಕಡಿದು ಎಷ್ಟು ದಿನ ಆಯ್ತು? ಒಲೆಯ ಗಾಜು ಎಷ್ಟು ದಿನಕ್ಕೆ ಕಪ್ಪಾಗುತ್ತೆ?

ಮಂಜಿನಮನೆ · ಅಕ್ಟೋಬರ್ 12

ಸೌದೆ ಕರ್ಪೂರ ಮರ, ಅಂದ್ರೆ ನೀಲಗಿರಿ. ಲೋಡಿನವನು "ಒಣಗಿದ್ದೇ ಸಾರ್" ಅಂತಾನೆ. ಗಾಜು ಎರಡು ದಿನಕ್ಕೆ ಕಪ್ಪು. ಗಾಜು ಕಪ್ಪಾಗೋದು ಸಹಜ ಅಂದ್ಕೊಂಡಿದ್ದೆ.

ಹಟ್ಟಿಯಕ್ಕ (ಕೋಟಗಿರಿ) · ಅಕ್ಟೋಬರ್ 12

ಸಹಜ ಅಲ್ಲ ತಮ್ಮಾ.

ಲೋಡಿನವನ ಬಾಯಲ್ಲಿ ಎಲ್ಲ ಸೌದೆಯೂ ಒಣಗಿದ್ದೇ. ಹೊರಗೆ ಬೂದುಬಣ್ಣಕ್ಕೆ ತಿರುಗಿ ತುದಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿಯೇ ಇರುತ್ತದೆ, ನೀಲಗಿರಿಯಲ್ಲಂತೂ ಹೆಚ್ಚು. ಅದು ಗಟ್ಟಿ ಮರ, ನಾರು ತಿರುಚಿಕೊಂಡು ಬೆಳೆಯುತ್ತದೆ. ಹಸಿ ಇದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಕೊಡಲಿ ಎದ್ದು ಬಂದು ನಿಮ್ಮ ಮೊಣಕಾಲು ಕೇಳುತ್ತದೆ. ಸೀಳದೆ ದುಂಡಾಗಿ ಇಟ್ಟರೆ ನಮ್ಮ ಬೆಟ್ಟದಲ್ಲಿ ಎರಡು ವರ್ಷವಾದರೂ ಒಣಗುವುದು ಅನುಮಾನ. ಜೂನಿಂದ ಒಂದು ಮಳೆ, ಅದು ಮುಗಿಯಿತು ಅನ್ನುವಾಗ ಅಕ್ಟೋಬರಿನ ಮಳೆ. ಬಿಸಿಲು ಕಾಣುವುದೇ ಜನವರಿಯಿಂದ.

ನಾವು ಉರಿಸುವುದು ಹೆಚ್ಚಾಗಿ ವ್ಯಾಟಲ್. ಇಲ್ಲಿ ತಮಿಳಿನಲ್ಲಿ ಸೀಗೈ ಅನ್ನುತ್ತಾರೆ, ತಲೆಗೆ ಹಾಕುವ ಸೀಗೆಕಾಯಿಯ ಗಿಡವಲ್ಲ, ಇದು ಆಸ್ಟ್ರೇಲಿಯಾದಿಂದ ಬಂದ ಮರ, ತೊಗಟೆಯನ್ನು ಚರ್ಮ ಹದ ಮಾಡಲು ಒಯ್ಯುತ್ತಿದ್ದರು. ಸುಲಭವಾಗಿ ಸೀಳುತ್ತದೆ, ನೀಲಗಿರಿಗಿಂತ ಬೇಗ ಒಣಗುತ್ತದೆ, ಕೆಂಡ ನಿಲ್ಲುತ್ತದೆ. ಚಹಾ ತೋಟದ ನೆರಳಿಗೆ ಹಾಕಿದ ಸಿಲ್ವರ್ ಓಕ್ ಹೊತ್ತಿಸಲು ಚೆನ್ನ, ರಾತ್ರಿಗೆ ನಿಲ್ಲುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಜಾಗದಲ್ಲೇ ಮರ ಇದೆ ಎಂದು ಕೊಡಲಿ ಎತ್ತಬೇಡಿ. ಬೆಟ್ಟದ ಊರುಗಳ ಮರಗಳಿಗೆ 1955ರ ಕಾಯ್ದೆಯೇ ಇದೆ, ಸ್ವಂತ ಪಟ್ಟಾ ಜಮೀನಾದರೂ ಕಲೆಕ್ಟರ್ ಇರುವ ಸಮಿತಿಯ ಅನುಮತಿ ಬೇಕು.

ಒಣಗಿದೆಯೋ ಇಲ್ಲವೋ ನೋಡುವುದು ಹೀಗೆ. ಲೋಡಿನ ನಡುವಿನ ಒಂದು ಕೊರಡನ್ನು ಸೀಳಿ, ಒಳಗಿನ ತಿರುಳಿಂದ ಸಣ್ಣ ಚಕ್ಕೆ ಮಾಡಿ, ಅಡುಗೆ ತಕ್ಕಡಿಯಲ್ಲಿ ತೂಗಿ. 105 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗಿ. ಹೋದ ತೂಕವೆಲ್ಲ ನೀರು. ನೂರಕ್ಕೆ 20ರೊಳಗೆ ಇದ್ದರೆ ಒಲೆಗೆ, ಮೇಲಿದ್ದರೆ ಕೊಟ್ಟಿಗೆಗೆ.

ಬಚ್ಚಲೊಲೆ (ಬದಿಯಡ್ಕ) · ಅಕ್ಟೋಬರ್ 13

ಕಾಸರಗೋಡಿನಲ್ಲಿ ಕೂತು ಚಳಿಯ ಬಗ್ಗೆ ಮಾತಾಡಿದ್ರೆ ನಗ್ತೀರಿ. ನಮಗೆ ಒಲೆ ಉಂಟು, ಚಳಿ ಇಲ್ಲ. ಆದರೆ ಹಂಡೆ ಕಾಯಿಸುವ ಬಚ್ಚಲ ಒಲೆಗೆ ಮಳೆಗಾಲದಲ್ಲಿ ಹಸಿ ಕಟ್ಟಿಗೆ ತುರುಕಿ ಕಣ್ಣು ಕೆಂಪು ಮಾಡ್ಕೊಂಡವರಿಗೆ ಅಕ್ಕ ಹೇಳಿದ್ದು ಚೆನ್ನಾಗಿ ಅರ್ಥ ಆಗ್ತದೆ. ಅದಕ್ಕೇ ಅಲ್ವಾ ಅಜ್ಜಿಯಂದಿರು ಒಲೆಯ ಮೇಲಿನ ಅಟ್ಟದಲ್ಲಿ ಮರುವರ್ಷದ ಕಟ್ಟಿಗೆ ಒಟ್ಟಿ ಇಡ್ತಿದ್ದದ್ದು.

ನನ್ನದೊಂದು ಸಲಹೆ. ಕಬ್ಬಿಣದ ಒಲೆಯೇ ಯಾಕೆ? ರಷ್ಯಾ, ಫಿನ್ಲೆಂಡ್ ಕಡೆ ಇಟ್ಟಿಗೆಯದ್ದೇ ದೊಡ್ಡ ಒಲೆ ಕಟ್ತಾರಂತೆ. ದಿನಕ್ಕೆ ಒಂದು ಸಲ ಧಗಧಗ ಉರಿಸಿ ಬಿಟ್ರೆ ಆಯಿತು, ಹೊಗೆ ಇಟ್ಟಿಗೆಯ ಸಂದಿಯಲ್ಲಿ ಸುತ್ತಿ ಸುತ್ತಿ ಹೋಗಿ ಶಾಖ ಎಲ್ಲ ಅಲ್ಲೇ ಬಿಡ್ತದೆ, ಮರುದಿನದ ತನಕ ಮೈ ಬೆಚ್ಚಗೆ. ಅಮ್ಮನಿಗೆ ಒರಗಿ ಕೂರ್ಲಿಕ್ಕೂ ಆಯಿತು.

ಮತ್ತೆ ಆ ಎರಡು ಕೋಣೆಯ ಅಗ್ಗಿಷ್ಟಿಕೆ ಬಾಯಿ ತೆರೆದೇ ಉಂಟಾ? ಹಾಲಿನ ಒಲೆ ಉರಿಯುವಾಗ ಒಂದು ಊದುಬತ್ತಿ ಹಚ್ಚಿ ಅದರೆದುರು ಹಿಡಿದು ನೋಡಿ.

ತಗಡುಕೆಲಸ · ಅಕ್ಟೋಬರ್ 13

ಇಟ್ಟಿಗೆ ಒಲೆ ಒಳ್ಳೇದೇ, ನಾನೇ ಒಂದು ಕಟ್ಟಬೇಕು ಅಂತ ಆಸೆ. ಆದ್ರೆ ಟನ್ನುಗಟ್ಟಲೆ ಭಾರ. ಹಲಗೆ ನೆಲ, ಕೆಳಗೆ ಟೊಳ್ಳು, ನೂರು ವರ್ಷದ ತೊಲೆ. ನೆಲ ಬಗೆದು ಅಡಿಪಾಯ ಹಾಕ್ದೆ ಆಗದ ಕೆಲಸ.

ಮಂಜಿನಮನೆ · ಅಕ್ಟೋಬರ್ 15

ಎರಡೂ ಮಾಡ್ದೆ.

ಚಕ್ಕೆ 1000 ಗ್ರಾಂ ಇಟ್ಟಿದ್ದೆ, ದಿನವಿಡೀ ಓವನ್ನಲ್ಲಿದ್ದು 620ಕ್ಕೆ ನಿಂತಿತು. ಅಂದ್ರೆ 38 ಭಾಗ ನೀರು! ಮನೆಯೆಲ್ಲ ನೀಲಗಿರಿ ಎಣ್ಣೆ ವಾಸನೆ, ನೆಗಡಿ ಬಂದೋರ ಮನೆ ಥರ. ಹೆಂಡತಿ ಕೇಕ್ ಮಾಡೋ ಓವನ್ ಮುಟ್ಟಬೇಡಿ ಅಂತ ಬೋರ್ಡು ಹಾಕಿದ್ದಾಳೆ.

ಊದುಬತ್ತಿ ಕಥೆ ಇನ್ನೂ ಚೆನ್ನಾಗಿದೆ. ದೊಡ್ಡ ಕೋಣೆಯ ಅಗ್ಗಿಷ್ಟಿಕೆ ಮುಂದೆ ಹಿಡಿದ್ರೆ ಹೊಗೆ ಸೊಯ್ಯಂತ ಒಳಗೆ ಎಳ್ಕೊಂಡು ಮೇಲೆ ಹೋಯ್ತು. ಚಿಕ್ಕ ಕೋಣೆಯದರ ಮುಂದೆ ಹಿಡಿದ್ರೆ ಉಲ್ಟಾ, ಹೊಗೆ ನನ್ನ ಮುಖಕ್ಕೆ. ಒಂದರಿಂದ ಬೆಚ್ಚನೆ ಗಾಳಿ ಹೊರಗೆ, ಇನ್ನೊಂದರಿಂದ ತಣ್ಣನೆ ಗಾಳಿ ಒಳಗೆ. ಮಧ್ಯೆ ನಾವು.

ತಗಡುಕೆಲಸ · ಅಕ್ಟೋಬರ್ 16

ಈಗ ಲೆಕ್ಕ ಮಾಡೋಣ. ಕರೆಂಟ್ ಬಿಲ್ಲಿನ ಯೂನಿಟ್ಟಲ್ಲೇ ಹೇಳ್ತೀನಿ, ಎಲ್ಲರಿಗೂ ಗೊತ್ತಿರೋದು. 1 ಕಿಲೋವ್ಯಾಟ್ ಒಂದು ಗಂಟೆ ಉರಿದ್ರೆ 1 ಯೂನಿಟ್.

ಒಣ ಸೌದೆ ಕೆ.ಜಿ.ಗೆ ಸುಮಾರು 4 ಯೂನಿಟ್ ಶಾಖ. ನಿಮ್ಮದು 38 ಭಾಗ ನೀರು, ಆ ನೀರನ್ನ ಆವಿ ಮಾಡೋಕೇ ಬೆಂಕಿಯ ಒಂದು ಪಾಲು ಹೋಗಿ ಕೆ.ಜಿ.ಗೆ 3 ಯೂನಿಟ್ಟೂ ಸಿಗಲ್ಲ. 10 ಕೆ.ಜಿ. ಹಾಕಿದ್ರೆ ಸುಮಾರು ನಾಲ್ಕು ಲೀಟರ್ ನೀರು ಕುದಿಸಿ ಆಕಾಶಕ್ಕೆ ಬಿಡ್ತಿದೀರಿ. ಅದರ ಮೇಲೆ ಬೆಂಕಿ ತಣ್ಣಗಾಗಿ ಸೌದೆಯಿಂದ ಏಳೋ ಅನಿಲ ಪೂರ್ತಿ ಉರಿಯಲ್ಲ. ಆ ಅನಿಲ ಹೊತ್ತಿ ಉರೀಬೇಕಂದ್ರೆ ಒಲೆಯೊಳಗೆ 600 ಡಿಗ್ರಿ ಹತ್ತಿರ ಬೇಕು. ಉರಿಯದೆ ಹೋದದ್ದೇ ನಿಮ್ಮ ಗಾಜಿನ ಮೇಲಿನ ಕಪ್ಪು. ಒಟ್ಟಾರೆ ನಿಮ್ಮ 5 ಕಿಲೋವ್ಯಾಟ್ ಒಲೆ ಮನೆಗೆ ಕೊಡ್ತಿರೋದು ಮೂರೋ ಮೂರೂವರೆಯೋ.

ಇನ್ನು ಹೋಗೋದು. ಒಳಗೆ 20, ಹೊರಗೆ 5 ಅಂತ ಇಟ್ಕೊಳ್ಳಿ. ಬರೀ ಹಲಗೆ ಸೀಲಿಂಗಿನಿಂದ ಸುಮಾರು 1.1 ಕಿಲೋವ್ಯಾಟ್. ಹೊರಗಿನ ಕಲ್ಲುಗೋಡೆಯಿಂದ 1.2. ಕಿಟಕಿ ಗಾಜು 0.3. ನೆಲ 0.4. ಸೋರೋ ಗಾಳಿ, ಗಂಟೆಗೆ ಮೂರು ಸಲ ಹಾಲಿನ ಗಾಳಿಯೆಲ್ಲ ಬದಲಾಗುತ್ತೆ ಅಂತ ಹಿಡಿದ್ರೆ, 1.3. ಒಟ್ಟು ನಾಲ್ಕು ಕಾಲು, ನಾಲ್ಕೂವರೆ. ಬರೋದು ಮೂರೂವರೆ, ಹೋಗೋದು ನಾಲ್ಕೂವರೆ. 20 ಡಿಗ್ರಿ ಬಾ ಅಂದ್ರೆ ಎಲ್ಲಿಂದ ಬರುತ್ತೆ?

ಗೋಡೆಯ ಕಥೆ ಬೇರೆ. ಕಲ್ಲುಗೋಡೆ ಬ್ಯಾಂಕ್ ಇದ್ದಂಗೆ. ಒಳಮೈಯ 4 ಇಂಚು ಮಾತ್ರ ಲೆಕ್ಕಕ್ಕೆ ತಗೊಂಡ್ರೂ ಅದನ್ನ 1 ಡಿಗ್ರಿ ಏರಿಸೋಕೆ ಸುಮಾರು 4 ಯೂನಿಟ್ ಬೇಕು. 5 ಡಿಗ್ರಿ ಏರಿಸೋಕೆ 20. ನೀವು 6ಕ್ಕೆ ಹೊತ್ತಿಸಿ 10ಕ್ಕೆ ಮಲಗಿದ್ರೆ ಖಾತೆಗೆ ಬಿಡಿಗಾಸು ಬೀಳಲ್ಲ. ಗೋಡೆ ತಣ್ಣಗಿದ್ರೆ ಗಾಳಿ 18 ಇದ್ರೂ ಮೈಗೆ ಚಳಿಯೇ, ಯಾಕಂದ್ರೆ ನಮ್ಮ ಮೈಶಾಖವನ್ನ ಗೋಡೆ ಎಳ್ಕೋತಾ ಇರುತ್ತೆ.

ಕಾಫಿಚಹಾ (ಕೂನೂರು) · ಅಕ್ಟೋಬರ್ 16

ಲೆಕ್ಕ ಚೆನ್ನಾಗಿದೆ, ಆದರೆ ಇಷ್ಟೆಲ್ಲ ಬೇಕೆ? ನನ್ನ ಬಂಗಲೆಯಲ್ಲಿ 14 ಕಿಲೋವ್ಯಾಟ್ ಒಲೆಯೇ ಇರುವುದು, ಆರು ವರ್ಷವಾಯಿತು. ಹೊತ್ತಿಸಿದ ಮುಕ್ಕಾಲು ಗಂಟೆಗೆ ಸ್ವೆಟರ್ ಬಿಚ್ಚಬೇಕು. ಚಿಕ್ಕ ಒಲೆ ತಂದು ಪಶ್ಚಾತ್ತಾಪ ಪಟ್ಟವರನ್ನು ಕಂಡಿದ್ದೇನೆ, ದೊಡ್ಡದು ತಂದು ಪಟ್ಟವರನ್ನು ಕಂಡಿಲ್ಲ.

ತಗಡುಕೆಲಸ · ಅಕ್ಟೋಬರ್ 16

ಸಾರ್, ನೀವು ಆ ಮನೇಲಿ ದಿನಾ ಇರ್ತೀರಾ?

ಕಾಫಿಚಹಾ · ಅಕ್ಟೋಬರ್ 17

ಇಲ್ಲ. ಮೈಸೂರಿನಲ್ಲಿರುವುದು. ತಿಂಗಳಿಗೆ ಎರಡು ಶನಿವಾರ ಬಂದು ಹೋಗುತ್ತೇವೆ.

ತಗಡುಕೆಲಸ · ಅಕ್ಟೋಬರ್ 17

ಹಾಗಿದ್ರೆ ನಿಮಗೆ 14 ಸರಿಯೇ, ನಾನು ಜಗಳ ಆಡಲ್ಲ. ಹದಿನೈದು ದಿನ ತಣ್ಣಗೆ ಕೂತ ಕಲ್ಲಿನ ಮನೆಯನ್ನ ಒಂದು ಸಂಜೆಗೆ ಎಬ್ಬಿಸಬೇಕು, ಬಲ ಬೇಕು. ಪೂರ್ತಿ ಗಾಳಿ ಕೊಟ್ಟು ಉರಿಸ್ತೀರಿ, ಭಾನುವಾರ ಬೀಗ ಹಾಕ್ತೀರಿ.

ದಿನಾ ಇರೋರ ಮನೇಲಿ ಅದೇ ಒಲೆ ಏನಾಗುತ್ತೆ? ಒಂದು ಗಂಟೆಗೆ ಸೆಕೆ. ಗಾಳಿ ಮುಚ್ತಾರೆ. ಬೆಂಕಿ ಹೊಗೆಯಾಡ್ತಾ ಕೂರುತ್ತೆ. ಆ ತಣ್ಣನೆ ಹೊಗೆ ಚಿಮಣಿಯ ಗೋಡೆಗೆ ಅಂಟಿ ಡಾಂಬರಿನಂಥ ಕಪ್ಪು ಅಂಟು ಕಟ್ಟುತ್ತೆ. ಅದು ಇಲ್ಲಣದ ಥರ ಗುಡಿಸಿದ್ರೆ ಬೀಳೋದಲ್ಲ. ಯಾವತ್ತೋ ಒಂದು ದಿನ ಜೋರು ಉರಿ ತಗುಲಿ ಅದೇ ಹೊತ್ತಿಕೊಂಡ್ರೆ ಚಿಮಣಿ ರೈಲಿನ ಎಂಜಿನ್ ಥರ ಶಬ್ದ ಮಾಡುತ್ತೆ. ಹಲಗೆ ಸೀಲಿಂಗ್ ಮನೇಲಿ ಅದು ಆಟವಲ್ಲ. ಅಂಗಡಿಯವರು "ಗಾಳಿ ಕಮ್ಮಿ ಮಾಡ್ಕೊಳ್ಳಿ" ಅಂದ್ರಲ್ಲ, ನನಗೆ ಸಿಟ್ಟು ಬಂದದ್ದು ಆ ಮಾತಿಗೇ.

ಕಾಫಿಚಹಾ · ಅಕ್ಟೋಬರ್ 17

ಒಪ್ಪಿದೆ. ನನ್ನ ಚಿಮಣಿ ಗುಡಿಸಿ ಎಷ್ಟು ವರ್ಷವಾಯಿತು ಎಂದು ಈಗ ಯೋಚಿಸುತ್ತಿದ್ದೇನೆ.

ರಾಗಿಹೊಲ (ತಾಳವಾಡಿ) · ಅಕ್ಟೋಬರ್ 18

ಅಣ್ಣೋ, ಒಲೆ ವಿಚಾರ ಅಂದ್ಮೇಲೆ ನಾನೂ ವಸಿ ಮಾತಾಡ್ತೀನಿ. ನಮ್ಮ ಅವ್ವ ಅಸ್ತ್ರ ಒಲೇಲಿ ಅಡುಗೆ ಮಾಡ್ದೋರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಸುರುವಾದ ಅಸ್ತ್ರ ಅನ್ನೋ ವಿಭಾಗದೋರು ಮಾಡಿದ್ದು ಅದು. ಸಾಲಾಗಿ ಮೂರು ಪಾತ್ರೆ ಇಡೋ ಮಣ್ಣೊಲೆ, ಸೌದೆ ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ. ಹಳೇ ಒಲೆಗೆ ಹಾಕ್ತಿದ್ದ ಸೌದೇಲಿ ಅರ್ಧ ಸಾಕಾಗ್ತಿತ್ತು. ಒಲೆ ದೊಡ್ಡದು ಮಾಡಿ ಉಳಿಸಿದ್ದಲ್ಲ ಕಣಣ್ಣ, ಬಾಯಿ ಚಿಕ್ಕದು ಮಾಡಿ, ಗಾಳಿ ಎಲ್ಲಿಂದ ಬರಬೇಕೋ ಅಲ್ಲಿಂದಷ್ಟೇ ಬರೋ ಹಂಗೆ ಮಾಡಿ ಉಳಿಸಿದ್ದು.

ನಿಮ್ಮ ಚಿಮಣಿ ಒಳಗಲ ಎಷ್ಟು ಅಂತ ಯಾರೂ ಕೇಳ್ನೇ ಇಲ್ವಲ್ಲ?

ಮಂಜಿನಮನೆ · ಅಕ್ಟೋಬರ್ 19

ಮೇಸ್ತ್ರಿ ಮೇಲೆ ಹತ್ತಿ ಅಳೆದ್ರು. ಒಳಗೆ 14 ಇಂಚು ಚದರ. ಒಲೆಯ ಕೊಳವೆ 6 ಇಂಚು.

ತಗಡುಕೆಲಸ · ಅಕ್ಟೋಬರ್ 19

ತಾಳವಾಡಿಯೋರು ಸರಿಯಾದ ಜಾಗಕ್ಕೆ ಕೈ ಇಟ್ರು. ನಾನೇ ಮೊದಲು ಕೇಳಬೇಕಿತ್ತು.

6 ಇಂಚಿನ ದುಂಡು ಕೊಳವೆಯ ಬಾಯಿ ಸುಮಾರು 28 ಚದರ ಇಂಚು. ನಿಮ್ಮ ಚಿಮಣಿ 196. ಏಳು ಪಟ್ಟು! ತೂಬಿನ ನೀರು ಕೆರೆಗೆ ಬಿದ್ದಂಗೆ ಹೊಗೆ ಅಲ್ಲಿ ಹೋಗಿ ನಿಂತು, ತಣ್ಣಗಾಗಿ, ಅಂಟಾಗುತ್ತೆ. ಆ ಚಿಮಣಿ ಕಟ್ಟಿದ್ದು ತೆರೆದ ಬೆಂಕಿಗೆ. ತೆರೆದ ಅಗ್ಗಿಷ್ಟಿಕೆ ನೋಡೋಕೆ ಚಂದ, ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತೋ ಹದಿನೈದೋ ಮನೆಗೆ ಬಂದ್ರೆ ಪುಣ್ಯ, ಮಿಕ್ಕಿದ್ದು ಕೋಣೆಯ ಗಾಳಿಯನ್ನೂ ಕರ್ಕೊಂಡು ಮೇಲೆ ಹೋಗುತ್ತೆ.

ಜೊತೆಗೆ ಊಟಿ ಇರೋದು 2240 ಮೀಟರ್ ಮೇಲೆ. ಗಾಳಿ ತೆಳು. ಅದೇ ಕೊಳವೆ, ಅದೇ ಎತ್ತರ, ಸಮುದ್ರಮಟ್ಟಕ್ಕಿಂತ ಎಳೆತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಡಬ್ಬದ ಮೇಲೆ 8 ಅಂತ ಬರೆದ ಒಲೆ ಅಲ್ಲಿ 8 ಕೊಡುತ್ತೆ ಅಂತ ನಂಬಬೇಡಿ. ಹಂಗಾಗಿ ಪೂರ್ತಿ ಚಿಕ್ಕದಕ್ಕೂ ಹೋಗೋದು ಬೇಡ.

ನನ್ನ ಮಾತು: 8 ಕಿಲೋವ್ಯಾಟ್. 6 ಇಂಚಿನ ಸ್ಟೇನ್‌ಲೆಸ್ ಲೈನರ್ (ಚಿಮಣಿಯೊಳಗೆ ಇಳಿಸೋ ಕೊಳವೆ) ಒಲೆಯಿಂದ ಚಿಮಣಿಯ ತುದಿವರೆಗೆ, ಮಧ್ಯೆ ಎಲ್ಲೂ ಬಿಡದೆ, ಸುತ್ತ ಶಾಖನಿರೋಧಕ ತುಂಬಿಸಿ. ತುದಿ ಚಾವಣಿಯಿಂದ ಕನಿಷ್ಠ 3 ಅಡಿ ಮೇಲಿರಲಿ, ಸುತ್ತ 10 ಅಡಿ ದೂರದೊಳಗೆ ಏನಿದ್ರೂ ಅದಕ್ಕಿಂತ 2 ಅಡಿ ಎತ್ತರ. ಒಲೆಯೊಳಗೆ ಫೈರ್‌ಬ್ರಿಕ್ (ಬೆಂಕಿ ತಾಳೋ ಇಟ್ಟಿಗೆ), ಮೇಲೆ ಹೊಗೆಯನ್ನ ತಿರುಗಿಸೋ ತಟ್ಟೆ, ಆ ಅನಿಲ ಉರಿಯೋಕೆ ಗಾಜಿನ ಮೇಲ್ಭಾಗದಿಂದ ಎರಡನೇ ಗಾಳಿ ಬರೋ ವ್ಯವಸ್ಥೆ ಇದೆಯಾ ನೋಡಿ. ಇಲ್ಲದಿದ್ರೆ ಅದು ಒಲೆಯಲ್ಲ, ಬಾಗಿಲಿರೋ ಡಬ್ಬ. ಒಲೆ ಸುತ್ತ ಮರದ ಸಾಮಾನು 3 ಅಡಿ ದೂರ, ಕೆಳಗೆ ಕಡಪ ಕಲ್ಲು.

ಬೀಡೋ ಸ್ಟೀಲೋ ಅಂತ ಮುಂದೆ ಕೇಳ್ತೀರಿ, ಗೊತ್ತು. ಸ್ಟೀಲ್ ಬೇಗ ಬಿಸಿ, ಬೇಗ ತಣ್ಣಗೆ. ಬೀಡು ಎರಡಕ್ಕೂ ನಿಧಾನ. ನಿಮ್ಮ ಗೋಡೆಯೇ ಟನ್ನುಗಟ್ಟಲೆ ಶಾಖ ಹಿಡಿಯೋವಾಗ ಒಲೆ ಯಾವುದಾದ್ರೇನು, ಬೆಸುಗೆ ಚೆನ್ನಾಗಿರಲಿ.

ಹಟ್ಟಿಯಕ್ಕ · ಅಕ್ಟೋಬರ್ 19

ಎಲ್ಲ ಬಿಗಿ ಮಾಡುವ ಹುರುಪಿನಲ್ಲಿ ಗಾಳಿ ಬರುವ ದಾರಿಯನ್ನೂ ಮುಚ್ಚಬೇಡಿ. ಚಳಿಗೆ ಇದ್ದಿಲ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಈ ಬೆಟ್ಟಕ್ಕೆ ಹೊಸದಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಂಡರೆ ತಾನೇ ಹೆದರುವುದು, ಕೆಂಪು ಕೆಂಡದಿಂದ ಹೊಗೆ ಬರುವುದಿಲ್ಲ, ಇದು ಬರುತ್ತದೆ. ಅಲಾರಂ ಸಿಗುತ್ತದೆ, ಅಮ್ಮನ ಕೋಣೆಗೊಂದು, ಹಾಲಿಗೊಂದು ಹಾಕಿ. ಒಲೆಗಿಂತ ಮೊದಲು ಅದನ್ನು ತನ್ನಿ.

ನೆಲದಡಿಯ ಕಿಂಡಿಗಳನ್ನೂ ಮುಚ್ಚಬೇಡಿ. ತಣ್ಣನೆ ಗಾಳಿ ಬರುತ್ತದೆ ಎಂದು ಪಕ್ಕದ ಮನೆಯವರು ಸಿಮೆಂಟು ಮೆತ್ತಿದರು. ಎರಡೇ ಮಳೆಗಾಲಕ್ಕೆ ತೊಲೆ ಕೊಳೆತು ನೆಲ ಕುಸಿಯಿತು. ಮೇಲೆ ಹಾಸಿಕೊಳ್ಳಿ.

ಕೌದಿಕಾಕಾ · ಅಕ್ಟೋಬರ್ 20

ಹಾಸಾಕ ನಮ್ಮ ಕೌದಿ ಕಳಸಲೇನ್ರಿ? ಹಳೇ ಸೀರಿ ಏಳು ಪದರ, ಕಿಲೋವ್ಯಾಟ್ ಬ್ಯಾಡ.

ಮಂಜಿನಮನೆ · ಡಿಸೆಂಬರ್ 6

ತಡವಾಯ್ತು, ಕ್ಷಮಿಸಿ. ಕೆಲಸ ಒಂದಾ ಎರಡಾ.

ಮೊದಲು ಚಿಮಣಿ. ಮೇಸ್ತ್ರಿ ಒಳಗಿಂದ ಎರಡು ಗೋಣಿ ಮಸಿ ತೆಗೆದ್ರು. ಜೊತೆಗೆ ಒಂದು ಹಕ್ಕಿಗೂಡು, ಅರ್ಧ ಸುಟ್ಟ ಟೆನಿಸ್ ಚೆಂಡು. ಚೆಂಡು ಯಾವ ಕಾಲದ್ದು, ಅಲ್ಲಿಗೆ ಹೆಂಗೆ ಹೋಯ್ತು ಅಂತ ಮನೇಲಿ ಇನ್ನೂ ಚರ್ಚೆ ನಡೀತಿದೆ. ನಮ್ಮ ತಂದೆ ಮೇಲೆ ಎಲ್ಲರಿಗೂ ಅನುಮಾನ, ಅವರೀಗ ಉತ್ತರ ಕೊಡೋಕೆ ಇಲ್ಲ. ಗೋಡೆಗೆ ಅಂಟಿದ ಅಂಟು ಕೆಲವು ಕಡೆ ಬೆರಳು ದಪ್ಪ ಇತ್ತು. ಹೋದ ವರ್ಷ ನಾವು ಅದರ ಕೆಳಗೆ ಬೆಂಕಿ ಹಾಕ್ಕೊಂಡು ಸೀರಿಯಲ್ ನೋಡ್ತಾ ಕೂತಿದ್ವಿ ಅಂತ ನೆನೆಸ್ಕೊಂಡ್ರೆ ಹೊಟ್ಟೆ ತೊಳಸುತ್ತೆ.

ಲೈನರ್ ಹಾಕೋಕೆ ಮೂರು ದಿನ. ಚಿಮಣಿ ಮಧ್ಯೆ ಸ್ವಲ್ಪ ಸೊಟ್ಟ ಇದೆ, ಮೊದಲನೇ ದಿನ ತಂದ ಗಟ್ಟಿ ಕೊಳವೆ ಇಳೀಲಿಲ್ಲ, ವಾಪಸ್ ಕಳಿಸಿ ಬಗ್ಗೋ ಥರದ್ದು ತರಿಸಿದ್ವಿ. ಅಳತೆ ಮಾಡೋರು ಮೇಲಿಂದ ಟಾರ್ಚ್ ಬಿಟ್ಟು ನೋಡಿ, ನನ್ನ ಹಾಗೆ ದುಡ್ಡು ಕಳ್ಕೋಬೇಡಿ.

ಸೀಲಿಂಗ್ ಮೇಲೆ 4 ಇಂಚು ರಾಕ್‌ವೂಲ್ (ಶಾಖ ತಡೆಯೋ ಕಲ್ಲಿನ ನಾರಿನ ಹಾಸು). ಮೈಯೆಲ್ಲ ನವೆ, ಎರಡು ದಿನ ಸ್ನಾನ ಮಾಡಿದ್ರೂ ಹೋಗಲಿಲ್ಲ. ಕೈಗವಸು, ಮಾಸ್ಕ್ ಇಲ್ಲದೆ ಹತ್ತಬೇಡಿ. ಕೋಣೆಗಳ ಅಗ್ಗಿಷ್ಟಿಕೆ ಬಾಯಿಗೆ ಹಲಗೆ, ಚಿಮಣಿ ಒಳಗೆ ತೇವ ನಿಲ್ಲದಿರಲಿ ಅಂತ ಅದರಲ್ಲಿ ಅಂಗೈಯಗಲ ಜಾಲರಿ ಕಿಂಡಿ.

ಒಲೆ 8 ಕಿಲೋವ್ಯಾಟ್, ಸ್ಟೀಲ್‌ದು. ಕೊಯಮತ್ತೂರಿನ ಅದೇ ಅಂಗಡಿಯಿಂದಲೇ ತಂದೆ. 14 ಯಾಕೆ ಬೇಡ ಅಂತ ಲೆಕ್ಕ ಹೇಳೋಕೆ ಶುರು ಮಾಡಿದ್ರೆ ಅವರು ಟೀ ತರಿಸಿಬಿಟ್ರು.

ಸೌದೆ ಮಾತ್ರ ಈ ವರ್ಷಕ್ಕೆ ಪೂರ್ತಿ ಸರಿಹೋಗಲಿಲ್ಲ. ಅಕ್ಕ ಹೇಳಿದ ಹಾಗೆ ಹಳೇ ವ್ಯಾಟಲ್ ಹುಡುಕಿ ತಂದೆ, 19, 22 ಅಂತ ಬಂತು (ಓವನ್ ಅಲ್ಲ, ಮುಳ್ಳು ಚುಚ್ಚೋ ಮೀಟರ್ ಕೊಂಡೆ, ಮನೆಯಲ್ಲಿ ಶಾಂತಿ). ಹಸಿ ನೀಲಗಿರಿ ಎಲ್ಲ ಸೀಳಿ, ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕ ತೆರೆದು ಒಟ್ಟಿದ್ದೀನಿ.

ಬಚ್ಚಲೊಲೆ · ಡಿಸೆಂಬರ್ 6

ಹೊತ್ತಿಸಿದ ಮೇಲೆ ಎಷ್ಟು ಡಿಗ್ರಿ ಬಂತು ಅಂತ ಹೇಳದೆ ಟೆನಿಸ್ ಚೆಂಡಿನ ಕಥೆ ಹೇಳ್ತೀರಲ್ಲ ಮಾರಾಯ್ರೆ!

ಮಂಜಿನಮನೆ · ಜನವರಿ 9

ಚಳಿ ಬರಲಿ ಅಂತ ಕಾಯ್ತಿದ್ದೆ. ಈ ವಾರ ಬಂತು. ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಬಿಳಿ, ಕಾರಿನ ಗಾಜಿನ ಮೇಲೆ ಉಗುರಲ್ಲಿ ಹೆಸರು ಬರೀಬಹುದು.

ಈಗ ಮಧ್ಯಾಹ್ನ 4ಕ್ಕೇ ಹೊತ್ತಿಸ್ತೀವಿ. ಮೊದಲ ಅರ್ಧ ಗಂಟೆ ಪೂರ್ತಿ ಗಾಳಿ, ಆಮೇಲೆ ಒಂದೊಂದೇ ತುಂಡು. ರಾತ್ರಿ 7ಕ್ಕೆ ಹಾಲಿನಲ್ಲಿ 19 ಡಿಗ್ರಿ. 10ಕ್ಕೆ ಸೌದೆ ಹಾಕೋದು ನಿಲ್ಲಿಸ್ತೀವಿ. ಬೆಳಿಗ್ಗೆ 6ಕ್ಕೆ ಎದ್ದು ನೋಡಿದ್ರೆ 15, ಹೊರಗೆ 2! ಹೋದ ವರ್ಷ ರಾತ್ರಿ ಒಲೆ ಮುಂದೆ ಕೂತಾಗ ಇದ್ದದ್ದೇ 14. ಆರು ಗಂಟೆ ಉರಿಸೋಕೆ ಸೌದೆ 12 ಕೆ.ಜಿ. ಗಾಜು ವಾರಕ್ಕೊಮ್ಮೆ ಒದ್ದೆ ಕಾಗದಕ್ಕೆ ಬೂದಿ ಅದ್ದಿ ಒರೆಸಿದ್ರೆ ಸಾಕು.

ಇಷ್ಟೆಲ್ಲ ಮಾಡಿ, ಮೊದಲ ರಾತ್ರಿ ಅಮ್ಮನ್ನ ಕರೆದು ಒಲೆ ಮುಂದೆ ಕೂರಿಸಿದೆ. ಹತ್ತು ನಿಮಿಷ ಕೂತು, "ಚೆನ್ನಾಗಿದೆ ಕಣೋ, ಆದ್ರೆ ಕಾಲಿಗೆ ಚಳಿ" ಅಂತ ಎದ್ದು ಅಡುಗೆಮನೆಗೆ ಹೋದ್ರು! ಅಡುಗೆಮನೆ ನೆಲ ಕೆಂಪು ಗಾರೆ, ಕೆಳಗೆ ಟೊಳ್ಳಿಲ್ಲ, ಒಲೆಯ ಪಕ್ಕ ಯಾವಾಗಲೂ ಬೆಚ್ಚಗೆ. ಹಾಲಿನ ಹಲಗೆ ಮೇಲೆ ಥರ್ಮಾಮೀಟರ್ ಇಟ್ಟೆ. ಎದೆಯ ಮಟ್ಟದಲ್ಲಿ 19 ಇದ್ದಾಗ ನೆಲದಲ್ಲಿ 13.

ಕೊನೆಗೆ ದಪ್ಪ ಕಂಬಳಿ ಎರಡು ಪದರ ಹಾಸಿ ಮೇಲೆ ಜಮಖಾನ, ಅವರ ಕುರ್ಚಿ ಮುಂದೊಂದು ಮಣೆ. ಈಗ ಕೂರ್ತಾರೆ. ಒಂಬತ್ತು ಗಂಟೆಗೆ ನಿದ್ದೆ ಬಂದು ಗೊರಕೆ ಕೂಡ.

ತಗಡುಕೆಲಸ · ಜನವರಿ 9

ನೆಲಕ್ಕೆ 0.4 ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೆ ನೋಡಿ. ಶಾಖದ ಲೆಕ್ಕದಲ್ಲಿ ಅದು ಸಣ್ಣದು, ಅಮ್ಮನ ಲೆಕ್ಕದಲ್ಲಿ ಅದೇ ದೊಡ್ಡದು. ಸೀಲಿಂಗ್ ಫ್ಯಾನ್ ಇದ್ರೆ ತೀರಾ ನಿಧಾನಕ್ಕೆ ತಿರುಗಿಸಿ ನೋಡಿ, 12 ಅಡಿ ಎತ್ತರದಲ್ಲಿ ನಿಂತ ಬಿಸಿಗಾಳಿ ಕೆಳಗೆ ಬರುತ್ತೆ.

ಮಂಜಿನಮನೆ · ಜನವರಿ 10

ಊಟಿಯಲ್ಲಿ ಸೀಲಿಂಗ್ ಫ್ಯಾನಾ ಅಣ್ಣ? ಮೇಜಿನ ಮೇಲಿಡೋ ಚಿಕ್ಕದೂ ಮನೇಲಿಲ್ಲ. ತರ್ತೀನಿ, ಅಂಗಡಿಯವರು ನಗಲಿ.

ಇನ್ನೊಂದು ಪ್ರಶ್ನೆ ಉಳೀತು. ದಿನಾ ಒಂದು ಬೋಗುಣಿ ಬೂದಿ ಬೀಳ್ತಿದೆ. ಹಿಂದುಗಡೆ ನಾಲ್ಕು ಸಾಲು ಚಹಾ ಇದೆ, ಅದಕ್ಕೆ ಸುರೀಲಾ?

ಹಟ್ಟಿಯಕ್ಕ · ಜನವರಿ 10

ಚಹಾಕ್ಕೆ ಬೇಡ. ಚಹಾ ಹುಳಿ ಮಣ್ಣು ಕೇಳುವ ಗಿಡ, ಬೂದಿ ಹುಳಿ ಕಳೆಯುತ್ತದೆ. ಆಲೂಗಡ್ಡೆಗೂ ಹಾಕಬೇಡಿ, ಸಿಪ್ಪೆಯ ಮೇಲೆ ಹುರುಕು ಏಳುತ್ತದೆ. ಎಲೆಕೋಸಿನ ಪಾತಿಗೆ ತೆಳ್ಳಗೆ ಉದುರಿಸಿ. ಬೂದಿಯನ್ನು ಎರಡು ದಿನ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಟ್ಟು ಆಮೇಲೆ ಒಯ್ಯಿರಿ, ಹಲಗೆ ನೆಲದ ಮೇಲೆ ಇಡಬೇಡಿ. ಮಾರನೇ ದಿನಕ್ಕೂ ಒಳಗೆ ಕೆಂಡ ಇರುತ್ತದೆ.